ಕೊಳೆರೋಗದಿಂದ ಡಿಎನ್‌ಎವರೆಗೆ: ಕೋಲ್ಮನ್ ಕಥೆ

ವಿಟ್ಲದಲ್ಲಿ ಆಟಿ ತಿಂಗಳು ಬಂತೆಂದರೆ ಎಲ್ಲರ ಕಣ್ಣು ಅಡಿಕೆ ಮರದ ತುದಿಯಲ್ಲಿ. ಮಳೆ ನಿಲ್ಲದಿದ್ದರೆ ಮದ್ದು ಬಿಡಲಿಕ್ಕಾಗುವುದಿಲ್ಲ, ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಎಳೆ ಕಾಯಿ ಎಲ್ಲ ನೆಲಕ್ಕೆ. ಆ ಮದ್ದಿನ ಹಿಂದೆ ಕೆನಡಾದ ಲೆಸ್ಲಿ ಕೋಲ್ಮನ್ ಇದ್ದಾರೆ.

1878ರಲ್ಲಿ ಹುಟ್ಟಿದ ಇವರು ಜರ್ಮನಿಯಲ್ಲಿ ಓದಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಬೆಳೆಯ ರೋಗ, ಕೀಟ ಎರಡೂ ಅವರ ತಲೆಗೇ. ಆಗ ಮಲೆನಾಡಿನವರು ಅಡಿಕೆ ಗೊನೆ ನೆನೆಯದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು, ಅದೂ ಒಂದೊಂದು ಗೊನೆಗೆ! ರೋಗಕ್ಕೆ ಕಾರಣ ಫೈಟೊಫ್ಥೊರ ಎಂಬ ಶಿಲೀಂಧ್ರದಂಥ ಜೀವಿ ಎಂದು ಕೋಲ್ಮನ್ 1910ರಲ್ಲಿ ಬರೆದರು. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಅವರು ಕಂಡುಹಿಡಿದದ್ದಲ್ಲ, ಅದು ಫ್ರಾನ್ಸಿನ ದ್ರಾಕ್ಷಿ ತೋಟದ್ದು. ಆದರೆ ನಮ್ಮ ಮಳೆಗೆ ಅದು ತೊಳೆದುಹೋಗುತ್ತದಲ್ಲ? ಅಂಟಿಕೊಳ್ಳಲಿ ಅಂತ ರಾಳ ಮತ್ತು ಸೋಡಾ ಸೇರಿಸಿದರು. ನನ್ನ ಪ್ರಕಾರ ಇದು ಪಕ್ಕಾ ಇಂಜಿನಿಯರಿಂಗ್.

ಮುಂದೆ ಕೃಷಿ ಇಲಾಖೆಯ ಡೈರೆಕ್ಟರ್ ಆದರು, ಬಾಳೆಹೊನ್ನೂರಿನ ಕಾಫಿ ಕೇಂದ್ರ ಕಟ್ಟಿದರು, 1934ರಲ್ಲಿ ನಿವೃತ್ತರಾದರು. ಸಾಮಾನ್ಯವಾಗಿ ಅವರ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ.

ಅವರು ಮಾತ್ರ ಕೆನಡಾಕ್ಕೆ ಹೋಗಿ ಮೈಕ್ರೋಸ್ಕೋಪ್ ಮುಂದೆ ಕೂತರು. ಫಾಯಲ್ಗನ್ ಎಂಬ ಪರೀಕ್ಷೆಯಲ್ಲಿ ಜೀವಕೋಶವನ್ನು ಬಿಸಿ ಆಸಿಡ್‌ನಲ್ಲಿಟ್ಟು ಬಣ್ಣ ಹಾಕಿದರೆ ಡಿಎನ್‌ಎ ಮಾತ್ರ ನೇರಳೆಗೆಂಪಾಗುತ್ತದೆ. ಆ ಬಣ್ಣದ ದ್ರಾವಣ ತಯಾರಿಸುವ ಒಂದು ವಿಧಾನವನ್ನು ಕೋಲ್ಮನ್ 1938ರಲ್ಲಿ ಪ್ರಕಟಿಸಿದರು. ವಯಸ್ಸು 60! ಜೀನ್ ಅಂದರೆ ಡಿಎನ್‌ಎ ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ. ಬಣ್ಣ ಎಷ್ಟು ಗಾಢವೋ ಡಿಎನ್‌ಎ ಅಷ್ಟು. ಹಾಗಾಗಿ ಕೋಶ ಒಡೆಯುವ ಮೊದಲೇ ಡಿಎನ್‌ಎ ದುಪ್ಪಟ್ಟಾಗುವುದನ್ನು ಮುಂದೆ ಇಂಥ ಬಣ್ಣ ಅಳೆದೇ ನೋಡಿದರು. 1950ರಲ್ಲಿ ಅವರು ಬ್ರಾಡ್ ಬೀನ್ ಗಿಡದ ಕಾಂಡದ ಕೋಶಕೇಂದ್ರಗಳ ಬಗ್ಗೆ ಬರೆದರು.

ಅದೇ ಗಿಡದ ಬೇರಿಗೆ ಲಂಡನ್‌ನಲ್ಲಿ ಹೊವರ್ಡ್ ಮತ್ತು ಪೆಲ್ಕ್ ಎಕ್ಸ್-ರೇ ಬಿಟ್ಟು, ಹೊಸ ಡಿಎನ್‌ಎ ತಯಾರಿ ಕಡಿಮೆಯಾಗುವುದನ್ನು 1953ರಲ್ಲಿ ವರದಿ ಮಾಡಿದರು. ಪೆಟ್ಟು ಬಿದ್ದ ಕೋಶ ಸುಮ್ಮನೆ ಕೆಟ್ಟು ನಿಲ್ಲುವುದಿಲ್ಲ, ತಾನೇ ಬ್ರೇಕ್ ಹಾಕುತ್ತದೆ ಎಂಬುದು ಈಗ ಗೊತ್ತಿದೆ. ಎಟಿಆರ್ ಎಂಬ ಪ್ರೋಟೀನ್ ಹೊಸ ಜಾಗಗಳಲ್ಲಿ ನಕಲು ಶುರುವಾಗದಂತೆ ತಡೆಯುತ್ತದೆ, ಅರ್ಧಕ್ಕೆ ನಿಂತ ನಕಲನ್ನು ಹಾಳಾಗದಂತೆ ಹಿಡಿದಿಡುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ. ಈ ಬ್ರೇಕ್ ಕೈಕೊಟ್ಟರೆ ಕ್ಯಾನ್ಸರ್‌ಗೆ ದಾರಿ.

ಕೋಲ್ಮನ್ 1954ರಲ್ಲಿ ತೀರಿಕೊಂಡರು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ.