ಮದ್ದು ಕಲಿಯದೆಯೇ ಮೊಘಲರ ವೈದ್ಯನಾದ ವೆನಿಸ್ ಹುಡುಗ: ಯಾರು ಈ ನಿಕೊಲಾವೊ ಮನೂಚಿ?

ಬಿಡಕಿನ್: ಪೈಠಣ ರಸ್ತೆಯ ಬಿಡಕಿನ್ ಇಂದು ಕೈಗಾರಿಕಾ ಪ್ರದೇಶ ಎಂದೇ ಹೆಸರುವಾಸಿ. ಇಲ್ಲಿಗೆ ಹತ್ತಿರದ ಛತ್ರಪತಿ ಸಂಭಾಜಿನಗರ ಔರಂಗಾಬಾದ್ ಆಗಿದ್ದ ಕಾಲದಲ್ಲಿ, ಅಲ್ಲಿ ಮೊಘಲ್ ರಾಜಕುಮಾರನಿಗೆ ಒಬ್ಬ ಯುರೋಪಿಯನ್ ವೈದ್ಯನಿದ್ದ. ಆತನೇ ನಿಕೊಲಾವೊ ಮನೂಚಿ. ವಿಶೇಷವೆಂದರೆ, ಆತ ಯಾವ ಶಾಲೆಯಲ್ಲೂ ವೈದ್ಯ ಕಲಿತವನಲ್ಲ!

ಹಡಗಿನಲ್ಲಿ ಅವಿತು ಬಂದವನು

1638ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ ಮನೂಚಿ, 1653ರಲ್ಲಿ ಮನೆಬಿಟ್ಟು ಹಡಗೊಂದರಲ್ಲಿ ಅವಿತು ಕುಳಿತ. ಅಲ್ಲೇ ಇದ್ದ ಇಂಗ್ಲಿಷ್ ಕುಲೀನ ಬೆಲೊಮಾಂಟ್ ಹುಡುಗನನ್ನು ಸೇವಕನನ್ನಾಗಿ ಇಟ್ಟುಕೊಂಡ. ಪರ್ಷಿಯಾ ದಾಟಿ 1656ರಲ್ಲಿ ಇಬ್ಬರೂ ಸೂರತ್‌ಗೆ ಬಂದರು. ದೆಹಲಿಯ ದಾರಿಯಲ್ಲಿ ಯಜಮಾನ ತೀರಿಕೊಂಡಾಗ ಮನೂಚಿಗೆ ಹದಿನೆಂಟರ ಆಸುಪಾಸು. ಹೊಟ್ಟೆಪಾಡಿಗಾಗಿ ಆತ ದಾರಾ ಶುಕೋನ ಫಿರಂಗಿ ಪಡೆ ಸೇರಿದ. 1658ರ ಸಮೂಗಢ ಯುದ್ಧದಲ್ಲಿ ದಾರಾ ಸೋತರೂ, ಗೆದ್ದ ಔರಂಗಜೇಬನ ಚಾಕರಿಗೆ ಹೋಗಲು ಆತ ಒಪ್ಪಲಿಲ್ಲ.

ಹುಕ್ಕಾ ಕೊಳವೆಯ ಚಿಕಿತ್ಸೆ

ಫಿರಂಗಿಯವರೆಂದರೆ ವೈದ್ಯರು ಎಂಬ ನಂಬಿಕೆ ಆಗ ಜನರಲ್ಲಿತ್ತು. ಲಾಹೋರ್‌ನಲ್ಲಿ ಮನೂಚಿ ಅದನ್ನೇ ಬಂಡವಾಳ ಮಾಡಿಕೊಂಡ. ಖಾಜಿಯ ಪತ್ನಿಯ ಹೊಟ್ಟೆ ತೊಳೆಯಲು ಸಾಧನವಿಲ್ಲದಾಗ ಹಸುವಿನ ಕೆಚ್ಚಲಿಗೆ ಹುಕ್ಕಾ ಕೊಳವೆ ಕಟ್ಟಿ ಕೆಲಸ ಮುಗಿಸಿದ. ಆಕೆ ಗುಣಮುಖಳಾದಳು, ಈತನ ಹೆಸರು ಊರೆಲ್ಲ ಹಬ್ಬಿತು. ರೋಗಿ ಸತ್ತಿದ್ದರೆ ಕತೆಯೇ ಬೇರೆಯಾಗುತ್ತಿತ್ತು.

ಶಿವಾಜಿ, ಸಂಭಾಜಿ ಇಬ್ಬರನ್ನೂ ಕಂಡವನು

1665ರಲ್ಲಿ ರಾಜಾ ಜಯಸಿಂಹನ ದಂಡಿನ ಜೊತೆ ದಖ್ಖನಿಗೆ ಬಂದ ಮನೂಚಿ, ಪಾಳೆಯದಲ್ಲೇ ಶಿವಾಜಿ ಮಹಾರಾಜರನ್ನು ಮಾತನಾಡಿಸಿದ. 1678ರ ಹೊತ್ತಿಗೆ ಔರಂಗಜೇಬನ ಮಗ ಶಾ ಆಲಂನ ವೈದ್ಯನಾಗಿ ಔರಂಗಾಬಾದ್ ಸೇರಿದ. ಸಂಬಳ, ಗೌರವ ಎಲ್ಲವೂ ಇತ್ತು. ಬಿಟ್ಟು ಹೋಗುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. ಕೊನೆಗೆ ಗೋವಾಕ್ಕೆ ತಪ್ಪಿಸಿಕೊಂಡು ಹೋದ. 1683ರಲ್ಲಿ ಮರಾಠರು ಗೋವಾದ ಮೇಲೆ ಎರಗಿದಾಗ, ಪೋರ್ಚುಗೀಸರು ಸಂಭಾಜಿ ಮಹಾರಾಜರ ಬಳಿಗೆ ಸಂಧಾನಕ್ಕೆ ಕಳಿಸಿದ್ದು ಈತನನ್ನೇ. ಈತ ಚಾಕರಿ ಮಾಡಿದ ಊರಿಗೆ ಈಗ ಅದೇ ಸಂಭಾಜಿಯವರ ಹೆಸರು.

ಫ್ರೆಂಚರ ನೆರಳಿನಲ್ಲಿ

ಮತ್ತೆ ಶಾ ಆಲಂನ ಕೈಗೆ ಸಿಕ್ಕ ಮನೂಚಿ, ಗೋಲ್ಕೊಂಡದ ಮೂಲಕ ಪಾರಾಗಿ 1686ರಲ್ಲಿ ಮದ್ರಾಸ್ ತಲುಪಿದ. ಯುರೋಪಿಗೆ ಮರಳುವ ಯೋಚನೆಯಲ್ಲಿದ್ದವನನ್ನು ತಡೆದದ್ದು ಪಾಂಡಿಚೇರಿಯ ಫ್ರೆಂಚ್ ಮುಖ್ಯಸ್ಥ ಫ್ರಾಂಸ್ವಾ ಮಾರ್ಟಿನ್. ಅವನ ಸಲಹೆಯಂತೆ ಎಲಿಜಬೆತ್ ಕ್ಲಾರ್ಕ್ ಎಂಬ ವಿಧವೆಯನ್ನು ಮದುವೆಯಾಗಿ ಇಲ್ಲೇ ನೆಲೆಸಿದ. ಮದ್ದು ಕೊಡುವುದು ಜೀವನಕ್ಕೆ ಆಧಾರವಾಯಿತು. ಪರ್ಷಿಯನ್ ಬಲ್ಲವನಾದ್ದರಿಂದ ಮದ್ರಾಸ್ ಗವರ್ನರ್ ಥಾಮಸ್ ಪಿಟ್ ಕೂಡ ನವಾಬ ದಾವೂದ್ ಖಾನನ ಬಳಿಗೆ ಈತನನ್ನೇ ಕಳಿಸಿದ. ಪತ್ನಿಯ ನಿಧನದ ನಂತರ ಪಾಂಡಿಚೇರಿಯೇ ಮನೆಯಾಯಿತು.

ಕೈತಪ್ಪಿದ ಪುಸ್ತಕ

ಕಂಡದ್ದನ್ನೆಲ್ಲ ಮನೂಚಿ 'ಸ್ಟೋರಿಯಾ ದೊ ಮೊಗೊರ್' ಎಂದು ಬರೆದಿಟ್ಟಿದ್ದ. ಫ್ರೆಂಚ್ ಕಂಪನಿಯ ಅಧಿಕಾರಿಯೊಬ್ಬರ ಮೂಲಕ ಪ್ಯಾರಿಸ್‌ಗೆ ಹೋದ ಆ ಹಸ್ತಪ್ರತಿಯನ್ನು ಕತ್ರೂ ಎಂಬ ಪಾದ್ರಿ ತನಗೆ ಬೇಕಾದಂತೆ ತಿದ್ದಿ, 1705ರಲ್ಲಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ. ಕೆರಳಿದ ಮನೂಚಿ ತನ್ನಲ್ಲಿದ್ದ ಪ್ರತಿಯನ್ನು ವೆನಿಸ್‌ನ ಸೆನೆಟ್‌ಗೆ ಕಳಿಸಿದ. ಆದರೆ ತಾನು ಬರೆದಂತೆ ಅದು ಅಚ್ಚಾಗಿದ್ದನ್ನು ನೋಡುವ ಭಾಗ್ಯ ಆತನಿಗೆ ಸಿಗಲಿಲ್ಲ. ವಿಲಿಯಂ ಇರ್ವಿನ್ ಅದನ್ನು ಇಂಗ್ಲಿಷಿಗೆ ತಂದು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು 1907-08ರಲ್ಲಿ, ಅಂದರೆ ಮನೂಚಿ ತೀರಿಕೊಂಡು ಸುಮಾರು ಎರಡು ಶತಮಾನಗಳ ನಂತರ. ಕೇಳಿದ ಸುದ್ದಿಯೂ ಕಂಡ ಸಂಗತಿಯೂ ಅದರಲ್ಲಿ ಬೆರೆತಿವೆ. ಆದರೂ ಔರಂಗಜೇಬನ ಕಾಲವನ್ನು ಅರಿಯಲು ಇತಿಹಾಸಕಾರರು ಇಂದಿಗೂ ಅದನ್ನು ತಿರುವಿ ಹಾಕುತ್ತಾರೆ.