ಗುಂಡು ಹಾರಿಸಿದವನ ಹೊಣೆ: ಜಿಮ್ ಕಾರ್ಬೆಟ್

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ರುದ್ರಪ್ರಯಾಗದ ನರಭಕ್ಷಕನ ಪುಸ್ತಕವಿದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮನೆಗೆ ಒಯ್ದು ಎರಡು ದಿನಗಳಲ್ಲಿ ಓದಿ ಮುಗಿಸಿದೆ. ಆಮೇಲೆ ಅದರ ಮೂಲ ಲೇಖಕ ಜಿಮ್ ಕಾರ್ಬೆಟ್ ಅವರ ಬೇರೆ ಕಥೆಗಳನ್ನೂ ಹುಡುಕಿ ಓದಿದೆ. ಓದುತ್ತಾ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿತು. ಕತ್ತಲಾದ ಮೇಲೆ ಪ್ರಾಣಿಯೊಂದು ಗುಂಡು ತಿಂದು ಗಾಯಗೊಂಡು ಓಡಿದರೆ, ಆಗಲೇ ಹಿಂಬಾಲಿಸಿ ಕೊಲ್ಲಬೇಕೇ, ಬೆಳಗಾಗುವವರೆಗೆ ಕಾಯಬೇಕೇ? ಕಾರ್ಬೆಟ್ ಅವರ ಜೀವನದಲ್ಲಿ ಈ ಎರಡೂ ನಡೆದಿವೆ.

ಕಾರ್ಬೆಟ್ 1875ರ ಜುಲೈ 25ರಂದು ನೈನಿತಾಲ್‌ನಲ್ಲಿ ಹುಟ್ಟಿದರು. ತಂದೆ ಅಲ್ಲಿಯ ಪೋಸ್ಟ್ ಮಾಸ್ಟರ್. ಜಿಮ್ ಚಿಕ್ಕವರಿದ್ದಾಗಲೇ ಅವರು ತೀರಿಕೊಂಡರು. ಚಳಿಗಾಲದಲ್ಲಿ ಮನೆಯವರೆಲ್ಲ ಕಾಲಾಧುಂಗಿಗೆ ಇಳಿದು ಬರುತ್ತಿದ್ದರು. ಅಲ್ಲಿಯ ಕಾಡಿನಲ್ಲೇ ಅವರು ಹೆಜ್ಜೆ ಗುರುತು, ಹಕ್ಕಿಗಳ ಕೂಗು, ಜಿಂಕೆಯ ಎಚ್ಚರಿಕೆಯ ಕರೆ ಇವೆಲ್ಲವನ್ನೂ ಕಲಿತರು. ದೊಡ್ಡವರಾದ ಮೇಲೆ ರೈಲ್ವೆ ಕೆಲಸಕ್ಕೆ ಸೇರಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿಹಾರದ ಮೊಕಾಮೆ ಘಾಟ್‌ನಲ್ಲಿ ಸರಕು ಸಾಗಣೆಯ ಗುತ್ತಿಗೆ ನಡೆಸಿದರು. ಬೇಟೆ ಅವರ ಹೊಟ್ಟೆಪಾಡಾಗಿರಲಿಲ್ಲ. ನರಭಕ್ಷಕನನ್ನು ಕೊಲ್ಲಲು ಕರೆದಾಗ ಸರ್ಕಾರಕ್ಕೆ ಅವರು ಷರತ್ತು ಹಾಕುತ್ತಿದ್ದರು: ಬಹುಮಾನವನ್ನು ರದ್ದು ಮಾಡಬೇಕು, ಉಳಿದ ಬೇಟೆಗಾರರನ್ನು ವಾಪಸ್ ಕರೆಸಬೇಕು.

1907ರಲ್ಲಿ ಅವರು ಚಂಪಾವತ್‌ನ ಹೆಣ್ಣು ಹುಲಿಯನ್ನು ಕೊಂದರು. ನೇಪಾಳ ಮತ್ತು ಕುಮಾವ್ ಸೇರಿ ಅದು 436 ಜನರನ್ನು ಕೊಂದಿತ್ತು. ಸತ್ತ ಹುಲಿಯ ಬಾಯಿ ನೋಡಿದಾಗ ಬಲಭಾಗದ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಹಿಂದೆ ಯಾರೋ ಹೊಡೆದ ಗುಂಡಿನಿಂದ ಆದ ಗಾಯ ಅದು. ಅದರಿಂದಾಗಿ ಕಾಡಿನ ಪ್ರಾಣಿಗಳನ್ನು ಹಿಡಿಯಲಾಗದೆ ಹುಲಿ ಮನುಷ್ಯರ ಮೇಲೆ ಬಿತ್ತು ಎಂದು ಕಾರ್ಬೆಟ್ ತೀರ್ಮಾನಿಸಿದರು. ಆ ಗುಂಡು ಹಾರಿಸಿದವನು ಯಾರೋ, ಅವನು ಮನೆಗೆ ಹೋಗಿ ಮರೆತಿರಬಹುದು. ಬೆಲೆ ಕೊಟ್ಟವರು ಹುಲ್ಲಿಗೆ, ಸೌದೆಗೆ ಕಾಡಿಗೆ ಹೋದ ಹೆಂಗಸರು. ಗಾಯಗೊಂಡ ಪ್ರಾಣಿಯನ್ನು ಹಾಗೆಯೇ ಬಿಡಬಾರದು ಎಂಬ ಮಾತಿನ ಅರ್ಥ ನನಗೆ ಇಲ್ಲಿ ತಿಳಿಯಿತು.

1910ರಲ್ಲಿ ಪನಾರ್ ಪ್ರದೇಶದ ಚಿರತೆಯ ಸರದಿ ಬಂತು. ಅದು 400 ಜನರನ್ನು ಕೊಂದಿತ್ತು. ಕಾರ್ಬೆಟ್ ಬಿಳಿ ಮೇಕೆಯನ್ನು ಕಟ್ಟಿ, ಮರಕ್ಕೆ ಮುಳ್ಳಿನ ಕೊಂಬೆಗಳನ್ನು ಬಿಗಿದು, ಮೇಲೆ ಕುಳಿತರು. ಚಿರತೆ ಬಂದು ಮೊದಲು ಆ ಮುಳ್ಳಿನ ಕೊಂಬೆಗಳನ್ನೇ ಹಲ್ಲಿನಿಂದ ಎಳೆಯತೊಡಗಿತು. ಆಮೇಲೆ ಮೇಕೆಯ ಮೇಲೆ ಹಾರಿತು. ಕತ್ತಲಲ್ಲಿ ಮೇಕೆಯ ಬಿಳುಪು ಮಾತ್ರ ಮಸುಕಾಗಿ ಕಾಣುತ್ತಿತ್ತು. ಅದನ್ನೇ ಗುರಿಯಾಗಿಟ್ಟು ಗುಂಡು ಹಾರಿಸಿದರು. ಚಿರತೆ ಗಾಯಗೊಂಡಿತು, ಸಾಯಲಿಲ್ಲ. ಹಳ್ಳಿಯವರು ಪೈನ್ ಮರದ ಸೀಳುಗಳ ಪಂಜು ಹಿಡಿದು ಬಂದರು. ಏನಾದರೂ ಓಡಬಾರದು, ಬೆಳಕಿಲ್ಲದೆ ತಾನು ಗುಂಡು ಹಾರಿಸಲಾಗದು ಎಂದು ಕಾರ್ಬೆಟ್ ಹೇಳಿದರು. ಅವರು ಒಪ್ಪಿದರು. ಆದರೆ ಚಿರತೆ ಗರ್ಜಿಸುತ್ತಾ ನುಗ್ಗಿ ಬಂದಾಗ ಎಲ್ಲರೂ ಓಡಿದರು. ಓಡುವಾಗ ಕೆಲವು ಪಂಜುಗಳು ನೆಲಕ್ಕೆ ಬಿದ್ದವು. ಆ ಬೆಳಕಿನಲ್ಲಿ ಕಾರ್ಬೆಟ್ ಚಿರತೆಯನ್ನು ಹೊಡೆದುರುಳಿಸಿದರು.

ಓಡಿದವರನ್ನು ಹೇಡಿಗಳು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವರ ಕೈಯಲ್ಲಿ ಇದ್ದದ್ದು ಪಂಜು ಮಾತ್ರ. ಗಾಯ ಮಾಡಿದವರು ಕಾರ್ಬೆಟ್, ಅಪಾಯ ಮಾತ್ರ ಅವರೂ ಹಂಚಿಕೊಳ್ಳಬೇಕಾಯಿತು. ಪಂಜುಗಳು ಬಿದ್ದ ಕೂಡಲೇ ಆರಿಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಇನ್ನೊಂದು ಕಡೆ, ಆ ರಾತ್ರಿ ಚಿರತೆ ತಪ್ಪಿಸಿಕೊಂಡಿದ್ದರೆ ಇನ್ನೆಷ್ಟು ಮನೆಗಳಲ್ಲಿ ಅಳು ಕೇಳಬೇಕಿತ್ತೋ.

1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ಬಳಿ ಹೀಗಾಗಲಿಲ್ಲ. ಕೇದಾರ, ಬದರಿ ಯಾತ್ರೆಯ ದಾರಿಯಲ್ಲಿ ಎಂಟು ವರ್ಷ ಕಾಡಿ 125 ಜನರನ್ನು ಕೊಂದ ಚಿರತೆ ಅದು. ಗುಲಾಬ್‌ರಾಯ್‌ಯಲ್ಲಿ ಮಾವಿನ ಮರದ ಮೇಲೆ ಹಲವು ರಾತ್ರಿ ಕುಳಿತ ಮೇಲೆ ಒಂದು ರಾತ್ರಿ ಮೇಕೆಯ ಗಂಟೆ ಅಲುಗಿತು. ಬಂದೂಕಿಗೆ ಕಟ್ಟಿದ್ದ ಟಾರ್ಚ್ ಹಚ್ಚಿ ಗುಂಡು ಹಾರಿಸಿದರು. ಅಷ್ಟರಲ್ಲಿ ಟಾರ್ಚ್ ಆರಿಹೋಯಿತು. ಚಿರತೆಗೆ ತಗುಲಿತೋ ಇಲ್ಲವೋ ತಿಳಿಯದು. ಆದರೂ ಅವರು ಬೆಳಗಾಗುವವರೆಗೆ ಮರದಲ್ಲೇ ಕಾದರು. ಬೆಳಿಗ್ಗೆ ರಕ್ತದ ಗುರುತು ಹಿಡಿದು ಹೋದಾಗ ಚಿರತೆ ಸತ್ತು ಬಿದ್ದಿತ್ತು.

ಬಕ್ರೀದ್‌ಗೆ ಮೊದಲು ಅಬ್ಬಾ ಚೂರಿಯನ್ನು ಚೆನ್ನಾಗಿ ಸಾಣೆ ಹಿಡಿಸುತ್ತಾರೆ. ಕುರಿಗೆ ನೀರು ಕುಡಿಸುತ್ತಾರೆ, ಚೂರಿ ಅದರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಜೀವ ತೆಗೆಯುವಾಗ ನರಳಿಸಬಾರದು ಎಂದು ನಾನು ಮನೆಯಲ್ಲಿ ಕಲಿತಿದ್ದೇನೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸರಿಯಾಗಿ ಕಾಣದಿದ್ದಾಗ ಗುಂಡು ಹಾರಿಸದಿರುವುದೇ ಮೊದಲ ಧರ್ಮ. ಹಾರಿಸಿದ ಮೇಲೆ ಅದನ್ನು ಮುಗಿಸುವ ಹೊಣೆ ಹಾರಿಸಿದವನದು. ಆ ಹೊಣೆಗಾಗಿ ಕತ್ತಲಲ್ಲಿ ಬೇರೆಯವರ ಜೀವವನ್ನು ಪಣಕ್ಕಿಡಬಾರದು.

ಕಾನೂನು ಈಗ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಚಿರತೆ, ಹುಲಿಗಳು ಮನುಷ್ಯರ ಜೀವಕ್ಕೆ ಅಪಾಯವಾದರೆ ಅಥವಾ ವಾಸಿಯಾಗದಷ್ಟು ಗಾಯಗೊಂಡಿದ್ದರೆ, 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ ಕಾರಣ ಬರೆದು ಕೊಲ್ಲಲು ಅನುಮತಿ ಕೊಡಬಹುದು. ಅದೂ ಸೆರೆ ಹಿಡಿಯಲು, ಅರಿವಳಿಕೆ ಕೊಡಲು ಸಾಧ್ಯವೇ ಇಲ್ಲದಾಗ. ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದರೆ ಅಪರಾಧವಲ್ಲ. ಆದರೆ ಕಳ್ಳಬೇಟೆಗೆ ಹೋದವನು ಪ್ರಾಣಿ ಮೈಮೇಲೆ ಬಂತು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಕಾರ್ಬೆಟ್ ಕೂಡ ಬದಲಾದರು. ಬಂದೂಕಿಗಿಂತ ಕ್ಯಾಮೆರಾವನ್ನು ಹೆಚ್ಚು ಪ್ರೀತಿಸಿದರು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಆರಂಭವಾಗಲು ಅವರೂ ಶ್ರಮಿಸಿದರು. 1947ರಲ್ಲಿ ಅಕ್ಕ ಮ್ಯಾಗಿಯೊಂದಿಗೆ ಕೀನ್ಯಾಕ್ಕೆ ಹೋಗಿ, 1955ರ ಏಪ್ರಿಲ್ 19ರಂದು ಅಲ್ಲೇ ತೀರಿಕೊಂಡರು. ಆ ಉದ್ಯಾನಕ್ಕೆ ಇಂದು ಅವರದೇ ಹೆಸರಿದೆ. ಪುಸ್ತಕವನ್ನು ನಾನು ಲೈಬ್ರರಿಗೆ ವಾಪಸ್ ಕೊಟ್ಟಿದ್ದೇನೆ. ನೀವೂ ಓದಿ, ನನ್ನ ಅಭಿಪ್ರಾಯ ತಪ್ಪೆನಿಸಿದರೆ ಮುಂದಿನ ಸಂಚಿಕೆಯಲ್ಲಿ ಬರೆಯಿರಿ.