ತನ್ನನ್ನೇ ಪರೀಕ್ಷಿಸಿಕೊಂಡ ವಿಜ್ಞಾನಿ

ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ನೆರೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯ ರೈತರೂ ಅಲ್ಲಿಗೆ ಬರುತ್ತಾರೆ. ಇಂತಹ ಜಾತ್ರೆಯ ಬಯಲಿನಲ್ಲಿ ಮಕ್ಕಳು ಕೈಚಾಚಿ ಗಿರಗಿರನೆ ತಿರುಗಿ ಥಟ್ಟನೆ ನಿಲ್ಲುವುದುಂಟು. ಕಾಲು ನಿಂತರೂ ಲೋಕ ತಿರುಗುತ್ತಲೇ ಇರುತ್ತದೆ. ಎಲ್ಲರೂ ನಕ್ಕು ಮರೆಯುವ ಈ ಅನುಭವವನ್ನು ಮರೆಯದೆ, ಅದರ ಕಾರಣವನ್ನು ಅರಸಿ ಹೊರಟವನೊಬ್ಬನಿದ್ದನು. ಅವನೇ ಯಾನ್ ಪುರ್ಕಿನ್ಯೆ.

ಪುರ್ಕಿನ್ಯೆ 1787ರಲ್ಲಿ ಬೊಹೀಮಿಯದ ಲಿಬೊಖೊವಿತ್ಸೆ ಎಂಬ ಊರಿನಲ್ಲಿ ಜನಿಸಿದನು. ಆ ಊರು ಈಗ ಚೆಕ್ ಗಣರಾಜ್ಯದಲ್ಲಿದೆ. ತಂದೆ ಜಮೀನುದಾರರಲ್ಲಿ ಪಾರುಪತ್ಯಗಾರನಾಗಿದ್ದನು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಬಾಲಕನು ಕ್ರೈಸ್ತ ಸನ್ಯಾಸಿಗಳ ಶಾಲೆಯಲ್ಲಿ ಓದಿ, ಅವರ ಸಂಘವನ್ನೇ ಸೇರಿದನು. ಆದರೆ ಜ್ಞಾನದಾಹವು ಅವನನ್ನು ಅಲ್ಲಿ ನಿಲ್ಲಗೊಡಲಿಲ್ಲ. ಸಂಘವನ್ನು ತೊರೆದು ಪ್ರಾಗ್ ನಗರಕ್ಕೆ ಬಂದು, ಮನೆಪಾಠ ಹೇಳಿ ಜೀವಿಸುತ್ತ, ವೈದ್ಯಶಾಸ್ತ್ರವನ್ನು ಕಲಿತು 1818ರಲ್ಲಿ ಪದವೀಧರನಾದನು.

ಬೆಲೆಬಾಳುವ ಉಪಕರಣಗಳು ಅವನಲ್ಲಿರಲಿಲ್ಲ. ಆದುದರಿಂದ ತನ್ನ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಕತ್ತಲೆಯಲ್ಲಿ ಕಣ್ಣಿನ ಬದಿಯಲ್ಲಿ ಮೇಣದ ಬತ್ತಿಯನ್ನು ಆಡಿಸಿ, ತನ್ನ ಅಕ್ಷಿಪಟಲದ ರಕ್ತನಾಳಗಳ ನೆರಳು ಕೊಂಬೆಗಳೊಡೆದ ಮರದಂತೆ ತೋರುವುದನ್ನು ಕಂಡನು. ಬೆಳಕು ಕುಂದಿದಾಗ ಕೆಂಪು ಹೂವು ಬೇಗ ಕಪ್ಪಾಗಿಯೂ ನೀಲಿ ಹೂವು ಹೆಚ್ಚು ಬೆಳಗುವಂತೆಯೂ ತೋರುತ್ತದೆ ಎಂಬುದನ್ನು ಗುರುತಿಸಿದನು. ಮುಸ್ಸಂಜೆಯಲ್ಲಿ ದಾಸವಾಳವನ್ನೂ ಶಂಖಪುಷ್ಪವನ್ನೂ ನೋಡಿದರೆ ಇದು ನಮಗೂ ವೇದ್ಯವಾಗುತ್ತದೆ. ತಲೆಸುತ್ತನ್ನು ಕುರಿತ ಪ್ರಯೋಗಕ್ಕೂ ಅವನೇ ವಸ್ತು. ತಿರುಗುವಾಗ ತಲೆ ಹೇಗೆ ವಾಲಿತ್ತೆಂಬುದನ್ನು ಅನುಸರಿಸಿ ಲೋಕ ಸುತ್ತುವ ದಿಕ್ಕು ಬದಲಾಗುತ್ತದೆ ಎಂದು ಕಂಡುಕೊಂಡನು. ಒಳಗಿವಿಯ ನಾಳಗಳಿಗೂ ತಲೆಸುತ್ತಿಗೂ ಇರುವ ಸಂಬಂಧ ಸ್ಪಷ್ಟವಾದದ್ದು ಅವನ ಮರಣಾನಂತರ, 1870ರ ದಶಕದಲ್ಲಿ.

1823ರಲ್ಲಿ ಅವನು ಬ್ರೆಸ್ಲೌ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಆ ನಗರ ಇಂದು ಪೋಲೆಂಡಿನಲ್ಲಿದೆ. ಪ್ರಯೋಗಗಳ ಮೂಲಕ ಕಲಿಸಬೇಕೆಂಬ ಅವನ ಹಂಬಲಕ್ಕೆ ಬೇಕಾದ ಸ್ಥಳ ದೊರೆಯದಿದ್ದಾಗ ತನ್ನ ಮನೆಯಲ್ಲಿಯೇ ಪ್ರಯೋಗಗಳನ್ನು ನಡೆಸಿದನು. 1832ರಲ್ಲಿ ಉತ್ತಮ ಸೂಕ್ಷ್ಮದರ್ಶಕವೊಂದು ಕೈಸೇರಿತು. ಅದೇ ವರ್ಷ ಕಾಲರಾ ಬೇನೆ ಅವನ ಇಬ್ಬರು ಹೆಣ್ಣುಮಕ್ಕಳನ್ನು ಬಲಿ ತೆಗೆದುಕೊಂಡಿತು. ಮೂರು ವರ್ಷಗಳಲ್ಲಿ ಪತ್ನಿಯೂ ತೀರಿಕೊಂಡಳು. ಉಳಿದ ಗಂಡುಮಕ್ಕಳ ಹೊಣೆ ಹೊತ್ತ ಆ ತಂದೆ ದುಃಖಕ್ಕೆ ಸೋತು ಕೆಲಸವನ್ನು ಬಿಡಲಿಲ್ಲ. 1837ರಲ್ಲಿ, ತಲೆಯ ಹಿಂಭಾಗದಲ್ಲಿರುವ ಅನುಮಸ್ತಿಷ್ಕದಲ್ಲಿ, ಅಂದರೆ ಕಿರುಮೆದುಳಿನಲ್ಲಿ, ಹೂಜಿಯಾಕಾರದ ದೊಡ್ಡ ಜೀವಕೋಶಗಳನ್ನು ಕಂಡು ವಿವರಿಸಿದನು. ಅವು ಇಂದಿಗೂ ಪರ್ಕಿಂಜೆ ಕೋಶಗಳೆಂದೇ ಹೆಸರಾಗಿವೆ.

ಹೀಗೆ ಒಬ್ಬನೇ ಮನುಷ್ಯನು ದೃಷ್ಟಿಯನ್ನೂ ಕಿರುಮೆದುಳನ್ನೂ ಶೋಧಿಸಿದನು. ಇವೆರಡರ ನಡುವಣ ದಾರಿಯನ್ನು ಜೀವಂತ ಮೆದುಳಿನಲ್ಲಿ ಕಾಣಲು ಅಂದು ಸಾಧನವಿರಲಿಲ್ಲ. ಇಂದು ತಲೆಬುರುಡೆಯನ್ನು ತೆರೆಯದೆಯೇ, ಪ್ರಬಲವಾದ ಅಯಸ್ಕಾಂತದ ನೆರವಿನಿಂದ, ಕೆಲಸ ಮಾಡುತ್ತಿರುವ ಮೆದುಳಿನ ಚಿತ್ರವನ್ನು ಎಂ.ಆರ್.ಐ. ಯಂತ್ರವು ತೆಗೆಯುತ್ತದೆ. ನಾವು ಯಾವುದಾದರೂ ವಸ್ತುವಿನ ಮೇಲೆ ದೃಷ್ಟಿ ನೆಟ್ಟಾಗ, ಮಹಾಮಸ್ತಿಷ್ಕದಲ್ಲಿ ದೃಷ್ಟಿಗೆ ಸಂಬಂಧಿಸಿದ ಭಾಗಗಳೊಡನೆ ಕಿರುಮೆದುಳಿನ ಕೆಲವು ಭಾಗಗಳೂ ಚುರುಕಾಗುವುದನ್ನು ಈ ಚಿತ್ರಗಳು ತೋರಿಸಿವೆ. ಹಾರಿದ ಚಿಣ್ಣಿಯನ್ನು ಬಾಲಕನು ದಾಂಡಿನಿಂದ ಹೊಡೆಯುವುದೂ ಕಣ್ಣು, ಮೆದುಳು, ಕೈಗಳ ಇಂತಹ ಹೊಂದಾಣಿಕೆಯಿಂದಲೇ.

1850ರಲ್ಲಿ ಪುರ್ಕಿನ್ಯೆ ಪ್ರಾಗ್ ನಗರಕ್ಕೆ ಮರಳಿದನು. ವಿದ್ವಾಂಸರ ನಡುವೆ ಜರ್ಮನ್ ಮತ್ತು ಲ್ಯಾಟಿನ್ ಭಾಷೆಗಳೇ ಮೆರೆಯುತ್ತಿದ್ದ ಕಾಲವದು. ಆದರೂ ತನ್ನ ಜನರಿಗೆ ಅವರ ನುಡಿಯಲ್ಲಿಯೇ ವಿಜ್ಞಾನ ದೊರೆಯಬೇಕೆಂದು, 1853ರಲ್ಲಿ ಚೆಕ್ ಭಾಷೆಯ ‘ಝಿವಾ’ ಪತ್ರಿಕೆಯನ್ನು ಆರಂಭಿಸಲು ಮುಂದಾದನು. ನಮ್ಮ ನಾಡಿನಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆಯ ಮೂಲಕ ಕನ್ನಡಕ್ಕೆ ಸಲ್ಲಿಸಿದ ಸೇವೆ ಇದೇ ಬಗೆಯದು.

1869ರಲ್ಲಿ ಪುರ್ಕಿನ್ಯೆ ಕಾಲವಾದನು. ದೊಡ್ಡ ಪ್ರಶ್ನೆಗಳು ದೊಡ್ಡ ಊರುಗಳಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ. ಮುಸ್ಸಂಜೆಯ ಹೂವಿನಲ್ಲಿ, ಆಟದ ಬಯಲಿನಲ್ಲಿ ಅವು ನಮ್ಮೆದುರಿಗೇ ಇವೆ. ಕಂಡದ್ದನ್ನು ಏಕೆ ಹೀಗೆ ಎಂದು ಕೇಳಿಕೊಳ್ಳುವ ಮನಸ್ಸೂ, ಉತ್ತರ ದೊರೆಯುವವರೆಗೆ ಕಾಯುವ ತಾಳ್ಮೆಯೂ ಬೇಕು.